ಬಾವುಟ ಹಿಡಿದವನ ಹೇಳಿಕೆ

ಐನ್ ಬರ್ಮಾ
೨೦ ಅಕ್ಟೋಬರ್ ೧೯೮೫

ನೇಜಿಗೆ,

ನೀನು ಬಸ್ಸು ಹತ್ತಿ ಆರು ವಾರವಾಯಿತು. ನಿನ್ನಿಂದ ಒಂದು ಕಾರ್ಡು ಬಂದಿದೆ, ಅದೂ ನನಗಲ್ಲ, ನನ್ನ ಉಮ್ಮಿಗೆ. ಓದಲು ಬಾರದ ತಾಯಿಗೆ ಬರೆದರೆ ಓದುವವನು ಯಾರು? ನಾನೇ. ಕಡಲು ನೀಲಿಯಾಗಿದೆ, ಊಟ ಪರವಾಗಿಲ್ಲ, ನೀವು ಕುಡಿಸಿದ ಹಾಲು ಮರೆಯುವುದಿಲ್ಲ ಅಂತ ಬರೆದಿದ್ದೀಯ. ಎರಡು ಸಲ ಓದಿಸಿದಳು. ಮೂರನೆಯ ಸಲಕ್ಕೆ ನನಗೆ ಮರದ ಕೆಲಸವಿದೆ ಅಂತ ಎದ್ದು ಹೋದೆ.

ಖರ್ಜೂರದ ಸುಗ್ಗಿ ಶುರುವಾಗಿದೆ. ನಿಮ್ಮಪ್ಪನ ತೋಟದ ಮರಗಳನ್ನು ನಾನೂ ನನ್ನಪ್ಪನೂ ಹತ್ತುತ್ತಿದ್ದೇವೆ. ಐದು ಗೊನೆ ಇಳಿಸಿದರೆ ನಾಲ್ಕು ನಿಮ್ಮಪ್ಪ ಸೀದಿ ಲಮೀನರಿಗೆ, ಒಂದು ನಮಗೆ. ಐದರಲ್ಲೊಂದರ ಆಳು, ಖಮ್ಮಾಸ್, ಅನ್ನುವ ಹೆಸರು ನಮಗೆ ಅಂಟಿದ್ದೇ ಹಾಗೆ. ನಿನಗೆ ಗೊತ್ತಿಲ್ಲದ್ದಲ್ಲ. ಆದರೂ ಬರೆಯುತ್ತಿದ್ದೇನೆ, ಮೇಲೆ ಹೋದವರಿಗೆ ಮರೆವು ಜಾಸ್ತಿ ಅಂತ.

ನಿನ್ನೆ ಮರದ ತುದಿಯಲ್ಲಿ ಕೂತಿದ್ದಾಗ ಬಹಳ ಎತ್ತರದಲ್ಲಿ ವಿಮಾನವೊಂದು ಬಿಳಿ ಗೆರೆ ಎಳೆದುಕೊಂಡು ಹೋಯಿತು. ಕತ್ತು ನೋಯುವವರೆಗೆ ನೋಡಿದೆ. ಅಪ್ಪ ಕೆಳಗಿನಿಂದ ಕೂಗಿದ: "ಏನೋ ಬೆಲ್ಗಾಸಿಮ್, ಗೊನೆ ಕುಯ್ಯೋದು ಬಿಟ್ಟು ಆಕಾಶದಲ್ಲಿ ಏನ್ ಹುಡುಕ್ತಿದ್ದೀಯ? ನಿನ್ನ ತಮ್ಮ ಇನ್ನೂ ಅಷ್ಟು ಮೇಲೆ ಹೋಗಿಲ್ಲ."

ತಮ್ಮ. ಹತ್ತು ದಿನ ಚಿಕ್ಕವನು ನೀನು. ನಿನ್ನ ತಾಯಿ ಹೆರಿಗೆಯಲ್ಲೇ ಹೋದಾಗ ನಿನ್ನನ್ನು ಬಟ್ಟೆಯಲ್ಲಿ ಸುತ್ತಿ ನಮ್ಮ ಮನೆಗೆ ಕಳಿಸಿದರು. ಒಂದೇ ಎದೆಯ ಹಾಲು ಕುಡಿದವರು ಅಣ್ಣತಮ್ಮಂದಿರು, ಇದು ನಮ್ಮ ಧರ್ಮ. ಆದರೆ ಸರ್ಕಾರದ ಕಾಗದಕ್ಕೆ ಆ ಧರ್ಮ ಗೊತ್ತಿಲ್ಲ. ಪೈಲಟ್ ಪರೀಕ್ಷೆಯ ಗಣಿತದಲ್ಲಿ ಇಪ್ಪತ್ತಕ್ಕೆ ನನಗೆ ಹದಿನೇಳು, ನಿನಗೆ ಹದಿಮೂರು. ಕಣ್ಣು, ಕಿವಿ, ಎದೆ, ಎಲ್ಲ ತಪಾಸಣೆಯಲ್ಲೂ ಇಬ್ಬರೂ ಪಾಸು. ಕೊನೆಗೆ ಒಂದೇ ಒಂದು ಹಾಳೆ: ನಡುವೆ ಬಿಟ್ಟು ಓಡಿದರೆ ತರಬೇತಿಯ ಖರ್ಚು ತುಂಬಿಕೊಡಲು ಆಸ್ತಿವಂತನೊಬ್ಬನ ಜಾಮೀನು. ನನ್ನಪ್ಪನ ಆಸ್ತಿ ಎರಡು ಕುಡುಗೋಲು, ಒಂದು ನಾರಿನ ಹಗ್ಗ. ಸೀದಿ ಲಮೀನ್ ನಿನ್ನ ಹಾಳೆಗೆ ಅಂದೇ ಸಹಿ ಹಾಕಿದರು. ನನ್ನದಕ್ಕೆ "ನೋಡೋಣ" ಅಂದರು. ನೋಡುತ್ತ ನೋಡುತ್ತ ಗಡುವು ಮುಗಿಯಿತು.

ನನಗೆ ಹೊಟ್ಟೆಕಿಚ್ಚಿಲ್ಲ. ಸ್ಪಷ್ಟವಾಗಿ ಬರೆದಿದ್ದೇನೆ, ಇನ್ನೊಂದು ಸಲ ಓದಿಕೋ. ಒಂದೇ ಕೆಲಸ ಮಾಡು: ನಿಮ್ಮಪ್ಪ ಯಾಕೆ ಸಹಿ ಹಾಕಲಿಲ್ಲ ಅಂತ ಕೇಳಿ ಬರೆ. ನಾನು ಕೇಳಿದರೆ ಸೊಕ್ಕು, ನೀನು ಕೇಳಿದರೆ ಮಾತು.

ಬೆಲ್ಗಾಸಿಮ್


ವಿಮಾನ ಶಾಲೆ, ಸೂಸ್
೩ ಜನವರಿ ೧೯೮೬

ಪ್ರೀತಿಯ ಖುಯ್ಯಾ, ನನ್ನ ಅಣ್ಣ ಬೆಲ್ಗಾಸಿಮ್,

ತಡವಾಯಿತು, ಕ್ಷಮಿಸು. ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಪಾಠ, ಹಾರಾಟ, ಮತ್ತೆ ಪಾಠ. ನೀನು ಸುಗ್ಗಿಯಲ್ಲಿ ಖುಷಿಯಾಗಿದ್ದೀಯ ಅಂತ ನಿನ್ನ ಕಾಗದದಿಂದಲೇ ಗೊತ್ತಾಯಿತು. ಆ ಮರದ ತುದಿಯ ಗಾಳಿ ನೆನಪಾಗಿ ನನಗೇ ಆಸೆಯಾಯಿತು.

ಒಂದು ಸುದ್ದಿ ಇದೆ. ಮೊನ್ನೆ ಒಬ್ಬನೇ ಹಾರಿದೆ. ಹನ್ನೊಂದು ಗಂಟೆಯ ಹಾರಾಟದಲ್ಲೆಲ್ಲ ಜೊತೆಯಲ್ಲಿ ಕೂತು ಬೈದ ಗುರುಗಳು ಅವತ್ತು ರನ್‌ವೇ ಅಂಚಿನಲ್ಲಿ ನಿಲ್ಲಿಸು ಅಂದರು, ಇಳಿದರು, ಬಾಗಿಲು ಹಾಕಿದರು, ರೆಕ್ಕೆ ತಟ್ಟಿ ಹೊರಟೇಬಿಟ್ಟರು. ಅವರ ತೂಕ ಇಲ್ಲದ್ದಕ್ಕೆ ವಿಮಾನ ಎಷ್ಟು ಬೇಗ ನೆಲ ಬಿಟ್ಟಿತು ಅಂದರೆ ನಾನು ಇನ್ನೂ ತಯಾರಿರಲಿಲ್ಲ. ಪಕ್ಕದ ಸೀಟು ಖಾಲಿ. ಅದನ್ನು ನೋಡಬಾರದು ಅಂತ ಮುಂದಕ್ಕೇ ನೋಡುತ್ತಿದ್ದೆ. ಇಳಿದ ಮೇಲೆ ಎಲ್ಲರೂ ಹಿಡಿದು ಅಂಗಿಯ ಬೆನ್ನು ಕತ್ತರಿಸಿದರು. ಮೊದಲ ಸಲ ಒಬ್ಬನೇ ಹಾರಿದವನಿಗೆ ಹಾಗೆ ಮಾಡುವುದು ಇಲ್ಲಿನ ರೂಢಿ. ಆ ತುಂಡನ್ನು ಇದರ ಜೊತೆ ಇಟ್ಟಿದ್ದೇನೆ, ಉಮ್ಮಿಗೆ ಕೊಡು.

ತ್ಯೂನಿಸ್ ಪಟ್ಟಣದ ಹುಡುಗರು ನನ್ನನ್ನು 'ಖರ್ಜೂರ' ಅಂತ ಕರೆಯುತ್ತಾರೆ. ರೇಡಿಯೋದಲ್ಲಿ ನಾನು ಮಾತಾಡಿದರೆ ನಗುತ್ತಾರೆ. ನಗಲಿ ಬಿಡು.

ನೀನು ಕೇಳಿದ್ದು: ಅಪ್ಪನ ವಿಷಯ ಅಪ್ಪನಿಗೆ ಬಿಟ್ಟುಬಿಡೋಣ. ಹಳೆಯದನ್ನು ಕೆದಕಿ ಏನು ಪ್ರಯೋಜನ?

ನಿನ್ನ ನೇಜಿ


ಐನ್ ಬರ್ಮಾ
೧೮ ಫೆಬ್ರವರಿ ೧೯೮೬

ನೇಜಿ,

ನಿನ್ನ ಹರಿದ ಅಂಗಿ ತಲುಪಿತು. ಉಮ್ಮಿ ಅದನ್ನು ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ್ದಾಳೆ. ನಮ್ಮ ಅಂಗಿ ಹರಿದರೆ ತೇಪೆಗೆ ಹೋಗುತ್ತದೆ, ನಿನ್ನದು ಗೋಡೆಗೆ ಹೋಗುತ್ತದೆ. ಬೀದಿಯ ಹೆಂಗಸರೆಲ್ಲ ಬಂದು ನೋಡುತ್ತಾರೆ. "ನನ್ನ ಪೈಲಟ್ ಮಗಂದು" ಅನ್ನುತ್ತಾಳೆ. ಪಕ್ಕದಲ್ಲಿ ನಾನು ಕೂತಿರುತ್ತೇನೆ, ಅಂಗೈ ತುಂಬ ಖರ್ಜೂರದ ಮುಳ್ಳು ಚುಚ್ಚಿದ ಗಾಯ.

ಚಿಕ್ಕಂದಿನಲ್ಲಿ ಯಾರಿಗೆ ಮೊದಲು ಹಾಲು ಕೊಡುತ್ತಿದ್ದೆ ಅಂತ ಅವಳನ್ನು ಕೇಳಿದೆ. ಒಂದಿಷ್ಟೂ ಯೋಚಿಸಲಿಲ್ಲ. "ಅವನಿಗೆ. ಅವನು ಅಳುಬುರುಕ. ನೀನು ಸುಮ್ನೆ ಕಾಯ್ತಿದ್ದೆ." ಹೌದು, ನಾವು ಕಾಯುವ ಜಾತಿ. ನಿಮಗೆ ಆದ ಮೇಲೆ ಉಳಿದರೆ ನಮಗೆ.

ಖುಷಿಯಾಗಿದ್ದೇನೆ ಅಂತ ನನ್ನ ಕಾಗದದಲ್ಲಿ ಎಲ್ಲಿ ಓದಿದೆಯೋ? ಪಕ್ಕದ ಖಾಲಿ ಸೀಟು ನೋಡದೆ ಮುಂದಕ್ಕೆ ನೋಡಿದೆಯಂತೆ. ಒಳ್ಳೆಯದಾಯಿತು. ನೋಡಿದ್ದರೆ ಅಲ್ಲಿ ನಾನು ಕಾಣುತ್ತಿದ್ದೆ.

ಇನ್ನು ಬರೆಯಬೇಡ.

ಬೆಲ್ಗಾಸಿಮ್


ತ್ಯೂನಿಸ್
೯ ಫೆಬ್ರವರಿ ೧೯೮೮

ಖುಯ್ಯಾ,

ಎರಡು ವರ್ಷದಲ್ಲಿ ನಾಲ್ಕು ಕಾಗದ ಹಾಕಿದೆ, ಒಂದಕ್ಕೂ ಉತ್ತರ ಇಲ್ಲ. ಇದು ಐದನೆಯದು.

ಲೈಸೆನ್ಸು ಬಂದಿದೆ, ಕೆಲಸ ಬಂದಿಲ್ಲ. ಪ್ರಯಾಣಿಕರ ವಿಮಾನದಲ್ಲಿ ಸಹ ಪೈಲಟ್ ಆಗಬೇಕಾದರೆ ಇನ್ನೂ ನೂರು ಗಂಟೆ ಹಾರಿ ಬಾ ಅನ್ನುತ್ತಾರೆ. ಆ ಗಂಟೆಗಳನ್ನು ಯಾರು ಕೊಡುತ್ತಾರೆ? ನನ್ನ ತರಗತಿಯ ಪಟ್ಟಣದ ಹುಡುಗರಿಗೆ ಮಾವಂದಿರು, ಚಿಕ್ಕಪ್ಪಂದಿರು ಸಿಕ್ಕರು. ನನ್ನಪ್ಪನ ಹೆಸರು ನಮ್ಮ ಜೆರೀದ್ ಸೀಮೆ ದಾಟಿದರೆ ನಡೆಯುವುದಿಲ್ಲ. ನೀನು ನಂಬಲಿಕ್ಕಿಲ್ಲ, ಇಲ್ಲಿ ನಾನೂ ಆಳೇ.

ಈಗೊಂದು ದಾರಿ ಸಿಕ್ಕಿದೆ. ಅಲ್ಜೀರಿಯಾ ಕಡೆಯಿಂದ ಮಿಡತೆ ದಂಡು ಬರುತ್ತಿದೆ, ಮುಂದಿನ ತಿಂಗಳು ನಮ್ಮ ದಕ್ಷಿಣಕ್ಕೆ ಇಳಿಯುತ್ತದಂತೆ. ಔಷಧ ಹೊಡೆಯುವ ವಿಮಾನಕ್ಕೆ ಪೈಲಟ್ ಬೇಕು. ನೆಲದಿಂದ ಮೂರಾಳು ಎತ್ತರದಲ್ಲಿ ಹಾರುವ ಕೆಲಸ, ಅನುಭವ ಇರುವವರು ಒಪ್ಪುವುದಿಲ್ಲ. ನಾನು ಒಪ್ಪಿದೆ. ಒಂದು ಋತು ಸಾಕು, ಗಂಟೆ ತುಂಬುತ್ತದೆ.

ಕೆಳಗೆ ಬಾವುಟ ಹಿಡಿದು ಸಾಲು ತೋರಿಸುವ ಜನರೂ ಬೇಕು. ನಿನ್ನ ಹೆಸರು ಕೊಟ್ಟಿದ್ದೇನೆ. ಓದಿದವನು, ಲೆಕ್ಕದಲ್ಲಿ ಗಟ್ಟಿ, ಮೇಸ್ತ್ರಿ ಮಾಡಿ ಅಂತ ಮುಖ್ಯಸ್ಥ ಹಮ್ಮಾದಿ ಸಾಹೇಬರಿಗೆ ಹೇಳಿದ್ದೇನೆ. ಕೊನೆಗೂ ನಾವಿಬ್ಬರೂ ಒಂದೇ ವಿಮಾನದ ಕೆಲಸ ಮಾಡುತ್ತೇವೆ.

ನೇಜಿ


ಉಪ್ಪುಬಯಲಿನ ಬಿಡಾರ
೨ ಏಪ್ರಿಲ್ ೧೯೮೮

ಪೈಲಟ್ ಸೀದಿ ನೇಜಿಗೆ,

ವಿಷದ ಪೀಪಾಯಿ ತರುವ ಲಾರಿಯ ಡ್ರೈವರ್ ತಿಜಾನಿಯ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನು ಇರುವ ತೋಜೂರಿನ ವಿಮಾನ ಪಟ್ಟಿಗೂ ನಮ್ಮ ಡೇರೆಗಳಿಗೂ ಮೂರು ಗಂಟೆಯ ದಾರಿ. ದಿನಾ ಬೆಳಿಗ್ಗೆ ನನ್ನ ತಲೆಯ ಮೇಲೆ ಬರುತ್ತೀಯ, ಆದರೆ ಮಾತಾಡಲು ಲಾರಿ ಬೇಕು.

ಒಂದೇ ವಿಮಾನದ ಕೆಲಸ ಅಂತ ಬರೆದಿದ್ದೆ. ನಿಜ. ನೀನು ಅದರ ಒಳಗೆ, ನಾನು ಅದರ ಅಡಿಗೆ.

ನಮ್ಮ ಕೆಲಸ ನಿನಗೆ ಮೇಲಿನಿಂದ ಹೇಗೆ ಕಾಣುತ್ತದೋ ಗೊತ್ತಿಲ್ಲ, ಕೆಳಗಿನಿಂದ ಹೇಳುತ್ತೇನೆ. ಬೆಳಕು ಹರಿಯುವ ಮೊದಲು, ಮಿಡತೆಗಳು ಚಳಿಗೆ ಮರಗಟ್ಟಿ ಕೂತಿರುವಾಗ, ಬಯಲಿನ ಒಂದು ತುದಿಗೆ ನಾವು ಮೂವರು, ಇನ್ನೊಂದು ತುದಿಗೆ ಮೂವರು. ಗಾಳಿ ಹೋಗುವ ಕಡೆಯ ಅಂಚಿನಿಂದ ಶುರು. ಬಾವುಟ ಎತ್ತುತ್ತೇವೆ, ನೀನು ಎರಡು ಬಾವುಟಗಳ ನಡುವೆ ಗೆರೆ ಹಿಡಿದು ಬರುತ್ತೀಯ, ವಿಷ ಸುರಿದು ಹೋಗುತ್ತೀಯ. ನೀನು ತಿರುಗಿ ಬರುವಷ್ಟರಲ್ಲಿ ನಾವು ಗಾಳಿಗೆ ಎದುರಾಗಿ ನಲವತ್ತು ಹೆಜ್ಜೆ ಎಣಿಸಿ ನಿಲ್ಲಬೇಕು. ಎದುರಾಗಿ ನಡೆದರೆ ವಿಷ ಬೆನ್ನ ಹಿಂದೆ ಉಳಿಯುತ್ತದೆ. ಅದೊಂದೇ ನಮ್ಮ ರಕ್ಷಣೆ. ಮೂಗಿಗೆ ತಲೆರುಮಾಲು, ಕಾಲಿಗೆ ಚಪ್ಪಲಿ. ಆಫೀಸಿನವರು ಅದನ್ನು ಔಷಧ ಅನ್ನುತ್ತಾರೆ. ಔಷಧವಾದರೆ ಅವರೇ ಒಂದು ಗುಟುಕು ಕುಡಿದು ತೋರಿಸಲಿ.

ಮೇಸ್ತ್ರಿಗೆ ಒಂದು ಅಧಿಕಾರ ಇದೆ. ಏನಾದರೂ ಎಡವಟ್ಟಾದರೆ ನಾನು ಬಾವುಟ ಸುತ್ತಿ ನೆಲಕ್ಕೆ ಹಾಕಬೇಕು. ಆಗ ಪೈಲಟ್ ವಿಷ ಬಿಡಕೂಡದು, ಮೇಲೆದ್ದು ಹೋಗಬೇಕು. ನನ್ನ ಜನ್ಮದಲ್ಲಿ ನಿನ್ನನ್ನು ನಿಲ್ಲಿಸುವ ಅಧಿಕಾರ ಇದೇ ಮೊದಲು. ಇನ್ನೂ ಬಳಸಿಲ್ಲ.

ನನ್ನ ಜೊತೆ ಶಾದ್ಲಿ ಚಿಕ್ಕಪ್ಪ ಇದ್ದಾರೆ. ನೆನಪಿದೆಯಾ, ಬಾವಿಯ ಪಕ್ಕದ ಮನೆಯವರು, ನಮಗೆ ಈಜು ಕಲಿಸಿದವರು. ಅರವತ್ತು ದಾಟಿದೆ, ಇನ್ನೂ ಬಾವುಟ ಹಿಡಿಯುತ್ತಾರೆ. ನೀನು ಬಂದಾಗಲೆಲ್ಲ ಬಾವುಟದ ಕೋಲನ್ನೇ ಅಲ್ಲಾಡಿಸುತ್ತಾರೆ. "ನಮ್ಮ ಹುಡುಗ ನನ್ನ ಗುರುತು ಹಿಡಿದ ಕಣೋ, ರೆಕ್ಕೆ ಆಡಿಸಿದ ನೋಡು" ಅನ್ನುತ್ತಾರೆ. ನಾನು ಕೋಲು ಅಲ್ಲಾಡಿಸುವುದಿಲ್ಲ. ನೆಟ್ಟಗೆ ನಿಲ್ಲುತ್ತೇನೆ. ನನಗೆ ಕಾಣುವುದು ನಿನ್ನ ವಿಮಾನದ ಹೊಟ್ಟೆ ಮಾತ್ರ.

ಬೆಲ್ಗಾಸಿಮ್


ತೋಜೂರ್
೭ ಏಪ್ರಿಲ್ ೧೯೮೮

ಖುಯ್ಯಾ,

ನಿನ್ನ ಅಕ್ಷರ ನೋಡಿ ಎಷ್ಟು ಸಂತೋಷವಾಯಿತು ಅಂದರೆ ತಿಜಾನಿಗೆ ಚಹಾ ಕುಡಿಸಿ ಕಳಿಸಿದೆ.

ನಿಜ ಹೇಳುತ್ತೇನೆ, ಬೇಸರ ಮಾಡಬೇಡ. ಮೇಲಿನಿಂದ ಯಾರ ಮುಖವೂ ಕಾಣುವುದಿಲ್ಲ. ಒಂದು ಬಿಳಿ ಚೂರು ಬಟ್ಟೆ ಕಾಣುತ್ತದೆ, ಅದಕ್ಕೆ ವಿಮಾನದ ಮೂಗು ಹಿಡಿದು ಬರುತ್ತೇನೆ, ಅದು ಮಾಯವಾದಾಗ ಗುಂಡಿ ಬಿಡುತ್ತೇನೆ. ರೆಕ್ಕೆ ಆಡಿದ್ದು ಗಾಳಿಗೆ. ಇದನ್ನು ಶಾದ್ಲಿ ಚಿಕ್ಕಪ್ಪನಿಗೆ ಹೇಳಬೇಡ.

ಗಂಟೆಗಳು ತುಂಬುತ್ತ ಬಂದವು. ಮೇ ಎರಡಕ್ಕೆ ಬಾ ಅಂತ ವಿಮಾನ ಕಂಪನಿಯಿಂದ ಕಾಗದ ಬಂದಿದೆ. ಗಂಟೆ ಪೂರ್ತಿ ಇರಬೇಕು, ಕೆಲಸದ ಮೇಲೆ ಒಂದು ಕಪ್ಪು ಚುಕ್ಕೆಯೂ ಇರಬಾರದು. ಇದು ಕೈತಪ್ಪಿದರೆ ಮುಂದಿನ ಸಲ ಯಾವಾಗಲೋ. ಬೆಳಗಿನ ಒಂದು ಹಾರಾಟ ರದ್ದಾದರೂ ನನಗೆ ಜೀವ ಹೋದ ಹಾಗಾಗುತ್ತದೆ.

ಉಮ್ಮಿ ಹೇಗಿದ್ದಾಳೆ? ನನ್ನನ್ನು ಕೇಳುತ್ತಾಳಾ?

ನೇಜಿ


ಐನ್ ಬರ್ಮಾ
೧೫ ಏಪ್ರಿಲ್ ೧೯೮೮

ನೇಜಿ,

ಶಾದ್ಲಿ ಚಿಕ್ಕಪ್ಪ ಸತ್ತರು. ಮೊನ್ನೆ, ಹದಿಮೂರರಂದು, ನಿನ್ನ ವಿಮಾನದ ಕೆಳಗೆ.

ಗಾಳಿ ಉತ್ತರದಿಂದ ಬೀಸುತ್ತಿತ್ತು. ನಾವು ನಿಯಮದ ಪ್ರಕಾರ ದಕ್ಷಿಣದ ಅಂಚಿನಲ್ಲಿ ನಿಂತು ಕಾದೆವು. ಸೂರ್ಯ ಒಂದು ಮಾರು ಮೇಲೇರಿದ ಮೇಲೆ ನೀನು ಬಂದೆ. ಉತ್ತರದಂಚಿನ ಮಿಡತೆ ಆಗಲೇ ಬಿಸಿಲಿಗೆ ಎಚ್ಚರವಾಗಿ ಚಟಪಟ ಅನ್ನುತ್ತಿತ್ತು. ನೀನು ನಮ್ಮ ಕಡೆ ಬರಲೇ ಇಲ್ಲ. ಉತ್ತರದಂಚಿನ ಮೇಲೆ ಸುತ್ತು ಹಾಕಿ ರೆಕ್ಕೆ ಆಡಿಸಿ ಅಲ್ಲಿಗೆ ಬನ್ನಿ ಅಂತ ಕರೆದೆ. ಆರೂ ಜನ ಓಡಿದೆವು. ಅಲ್ಲಿಂದ ದಕ್ಷಿಣಕ್ಕೆ ನಡೆಸಿದೆ. ಗಾಳಿ ಬೆನ್ನಿಗೆ. ಮುಂದಿನ ಸಾಲಿಗೆ ನಾವು ನಲವತ್ತು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನ ಸಾಲಿನ ವಿಷ ನಮಗಿಂತ ಮೊದಲೇ ಅಲ್ಲಿಗೆ ಹೋಗಿ ನಿಂತಿರುತ್ತಿತ್ತು.

ಒಂಬತ್ತನೆಯ ಸಾಲಿಗೆ ಚಿಕ್ಕಪ್ಪ ಮಂಡಿಯೂರಿದರು. ಬಾಯಲ್ಲಿ ಜೊಲ್ಲು, ಮೈಯ ಮಾಂಸವೆಲ್ಲ ಚರ್ಮದೊಳಗೆ ಹುಳದ ಹಾಗೆ ಹರಿದಾಡುತ್ತಿತ್ತು. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. "ಬೆಳಕು ಹೋಯ್ತಲ್ಲೋ, ಮೋಡ ಬಂತಾ?" ಅಂತ ಕೇಳಿದರು. ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ಖಾಲಿ ಪೀಪಾಯಿಗಳ ನಡುವೆ ಮಲಗಿಸಿಕೊಂಡು ತಿಜಾನಿ ಲಾರಿ ಓಡಿಸಿದ. ಅರ್ಧ ದಾರಿಯಲ್ಲಿ ಹೋದರು. ಅವರನ್ನು ಲಾರಿಗೆ ಎತ್ತುವಾಗ ನೀನು ಹತ್ತನೆಯ ಸಾಲು ಹೊಡೆಯುತ್ತಿದ್ದೆ. ಬಿಳಿ ಬಟ್ಟೆಗಳಲ್ಲಿ ಒಂದು ಕಡಿಮೆಯಾಗಿದ್ದು ನಿನಗೆ ಕಾಣಲಿಲ್ಲವೇ?

ಮಣ್ಣು ಮಾಡಿದೆವು. ಸೀದಿ ಲಮೀನ್ ಬಂದಿದ್ದರು. ಆಯುಸ್ಸು ಮುಗಿದಿತ್ತು ಅಂದರು. ನಾನು ಅವರ ಮುಖ ನೋಡಿದೆ.

ಬೆಲ್ಗಾಸಿಮ್


ತೋಜೂರ್
೧೯ ಏಪ್ರಿಲ್ ೧೯೮೮

ಖುಯ್ಯಾ,

ಮೂರು ದಿನದಿಂದ ಅನ್ನ ಇಳಿಯುತ್ತಿಲ್ಲ. ಅವರೇ ಅಂತ ನನಗೆ ಗೊತ್ತಿರಲಿಲ್ಲ. ದೇವರಾಣೆ.

ಅವತ್ತು ಔಷಧ ಬಿಡುವ ಕೊಳವೆ ಕಟ್ಟಿಕೊಂಡಿತ್ತು, ಮೆಕ್ಯಾನಿಕ್ ಬಿಚ್ಚಿ ಜೋಡಿಸುವಷ್ಟರಲ್ಲಿ ಹೊತ್ತಾಯಿತು. ಉತ್ತರದ ಮಿಡತೆ ಎದ್ದು ಹಾರಿದ್ದರೆ ನಮ್ಮ ತೋಟಗಳ ಮೇಲೇ ಬೀಳುತ್ತಿತ್ತು. ಅದಕ್ಕೇ ಆ ಕಡೆಯಿಂದ ಶುರು ಮಾಡಿದೆ. ನೀವೆಲ್ಲ ಕೈಯಾಡಿಸಿ ಬೇಡ ಅನ್ನಲಿಲ್ಲ, ಬಾವುಟವೂ ಕೆಳಗೆ ಬೀಳಲಿಲ್ಲ. ಸರಿ ಇರಬೇಕು ಅಂದುಕೊಂಡೆ.

ಈಗ ವಿಚಾರಣೆ ಇದೆ. ಹಮ್ಮಾದಿ ಸಾಹೇಬರು ಒಂದು ಹೇಳಿಕೆ ಬರೆದಿಟ್ಟಿದ್ದಾರೆ. ಬಾವುಟದವರು ತಿಳಿವಳಿಕೆ ಇಲ್ಲದೆ ತಪ್ಪು ಕಡೆಗೆ ನಡೆದರು ಅಂತ. ಮೇಸ್ತ್ರಿಯ ಸಹಿ ಬೇಕು. ನೀನು ಸಹಿ ಹಾಕಿದರೆ ಇಲಾಖೆಯಲ್ಲಿ ಕಾಯಂ ಕೆಲಸ ಕೊಡಿಸುತ್ತೇನೆ ಅಂದಿದ್ದಾರೆ. ನೀನು ಮತ್ತೆ ಮರ ಹತ್ತಬೇಕಾಗಿಲ್ಲ. ನನ್ನ ಮೇ ಎರಡೂ ಉಳಿಯುತ್ತದೆ.

ಚಿಕ್ಕಪ್ಪನಿಗೆ ಮೊದಲೇ ಎದೆ ಸರಿ ಇರಲಿಲ್ಲ, ಅದು ನಿನಗೂ ಗೊತ್ತು. ಸತ್ತವರು ವಾಪಸ್ ಬರುವುದಿಲ್ಲ. ಒಂದು ಸಹಿ, ಖುಯ್ಯಾ. ಒಂದೇ ಎದೆಯ ಹಾಲು ಕುಡಿದದ್ದಕ್ಕೆ ನಾನು ಇವತ್ತಿನವರೆಗೆ ಏನೂ ಕೇಳಿಲ್ಲ.

ನೇಜಿ


ಐನ್ ಬರ್ಮಾ
೨೬ ಏಪ್ರಿಲ್ ೧೯೮೮

ನೇಜಿ,

ನಿನ್ನ ಕಾಗದ ಓದಿದಾಗ ಮೊದಲು ನನಗೆ ಏನನ್ನಿಸಿತು ಹೇಳಲಾ? ಖುಷಿ. ಚಿಕ್ಕಪ್ಪನ ಗೋರಿಯ ಮಣ್ಣು ಇನ್ನೂ ಒಣಗಿಲ್ಲ, ನನಗೆ ಖುಷಿ. ಸೀದಿ ಲಮೀನರ ಮಗ ಖಮ್ಮಾಸನ ಮಗನ ಸಹಿಗೆ ಕೈ ಚಾಚಿದ್ದಾನೆ. ಮೂರು ವರ್ಷದ ಹಿಂದೆ ನಿಮ್ಮ ಜಗಲಿಯಲ್ಲಿ ಹಾಳೆ ಹಿಡಿದು ನಿಂತಿದ್ದೆನಲ್ಲ, ಆ ನಿಲುವು ಈಗ ನಿನ್ನದು. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ಸುತ್ತಿದೆ.

ಆಮೇಲೆ ಹೆದರಿಕೆ ಬಂತು. ನಾನು ನಿಜ ಹೇಳಿದರೆ ಅದು ಚಿಕ್ಕಪ್ಪನಿಗಾಗಿಯೋ, ನನ್ನ ಹದಿನೇಳು ಅಂಕಕ್ಕಾಗಿಯೋ? ಉಮ್ಮಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು, ತಲೆ ಎತ್ತಲಿಲ್ಲ. "ಹಾಕಿಬಿಡು. ಒಂದು ಸಹಿ ತಾನೇ. ಅವನೂ ನನ್ನ ಮಗನೇ." ಅವಳ ಬಾಯಲ್ಲಿ ನಿನ್ನ ಹೆಸರು ಬರುವಾಗ ಇರುವ ಮೆದುವು ನನ್ನ ಹೆಸರಿಗೆ ಇಲ್ಲ. ಆ ಕ್ಷಣ ನಿನ್ನನ್ನು ಮುಗಿಸಿಬಿಡಬೇಕು ಅನ್ನಿಸಿತು. ಹಾಗನ್ನಿಸಿದ್ದಕ್ಕೇ ಎರಡು ದಿನ ಬಾಯಿ ಮುಚ್ಚಿಕೊಂಡು ಕೂತೆ. ಹೊಟ್ಟೆಕಿಚ್ಚಿನ ಬಾಯಿಂದ ಬಂದ ನಿಜವನ್ನು ಯಾರು ನಂಬುತ್ತಾರೆ ಅಂತ.

ಮೂರನೆಯ ದಿನ ಶಾದ್ಲಿ ಚಿಕ್ಕಪ್ಪನ ಮಗಳು ಝೊಹ್ರಾ ಬಂದಳು. ಯಾರೋ ಆಫೀಸಿನವರು ಮನೆಗೆ ಹೋಗಿ, ನಿಮ್ಮಪ್ಪನಿಗೆ ಎಡ ಬಲ ತಿಳಿಯುತ್ತಿರಲಿಲ್ಲ, ತಪ್ಪು ಕಡೆ ನಡೆದ ಅಂದಿದ್ದರಂತೆ. ಅವಳು ನನ್ನನ್ನು ಕೇಳಿದಳು: "ಅಣ್ಣಾ, ನಲವತ್ತು ವರ್ಷ ಮರಳಲ್ಲಿ ಒಂಟೆ ಕಾಯ್ದೋರು ನಮ್ಮಪ್ಪ. ಅವರಿಗೆ ಗಾಳಿ ಯಾವ ಕಡೆ ಅಂತ ಗೊತ್ತಿರ್ಲಿಲ್ವಾ?"

ಗೊತ್ತಿತ್ತು ನೇಜಿ. ಹಿಂದಿನ ಕಾಗದದಲ್ಲಿ ನಾನು ಬರೆಯದೆ ಬಿಟ್ಟದ್ದು ಇದು. ಎರಡನೆಯ ಸಾಲಿಗೇ ಚಿಕ್ಕಪ್ಪ ನನ್ನ ತೋಳು ಹಿಡಿದರು. "ಬೆಲ್ಗಾಸಿಮ್, ಗಾಳಿ ಬೆನ್ನಿಗಿದೆ. ಬಾವುಟ ಹಾಕಿಬಿಡಪ್ಪ." ನಾನು ಹಾಕಲಿಲ್ಲ. ಬಾವುಟ ಕೆಳಗಿಟ್ಟರೆ ನಿನಗೆ ಸೋತ ಹಾಗೆ ಅನ್ನಿಸಿತು. ಮೇಲೆ ನೀನು ಬಗ್ಗದೆ ಬರುತ್ತಿದ್ದೀಯ, ಕೆಳಗೆ ನಾನೂ ಬಗ್ಗದೆ ನಿಲ್ಲಬೇಕು, ನೀನು ನೋಡಬೇಕು, ಇವನು ಹೆದರಲಿಲ್ಲ ಅನ್ನಬೇಕು. ನಮ್ಮಿಬ್ಬರ ಪೈಪೋಟಿಯ ನಡುವೆ ಒಬ್ಬ ಮುದುಕ ವಿಷ ಕುಡಿದ. ನೀನೋ, ಬಟ್ಟೆ ಬಿಟ್ಟು ಬೇರೇನೂ ನೋಡಿರಲಿಲ್ಲ.

ಇಪ್ಪತ್ತನಾಲ್ಕಕ್ಕೆ ತೋಜೂರಿನಲ್ಲಿ ವಿಚಾರಣೆಯವರ ಮುಂದೆ ನಿಂತೆ. ಎಲ್ಲ ಹೇಳಿದೆ. ವಿಮಾನ ತಡವಾದದ್ದು, ಗಾಳಿ ಹೋಗುವ ಕಡೆಗೆ ನಮ್ಮನ್ನು ನಡೆಸಿದ್ದು, ಬಾವುಟ ಇಳಿಸುವುದು ನನ್ನ ಕೆಲಸವಾಗಿತ್ತು, ನಾನು ಇಳಿಸಲಿಲ್ಲ ಅನ್ನುವುದು. ಹಮ್ಮಾದಿ ಪಕ್ಕದಲ್ಲೇ ಕೂತಿದ್ದ. ಅವನು ಅಧಿಕಾರಿಯ ಕಿವಿಯಲ್ಲಿ ಏನೋ ಊದಿದ. ಅಧಿಕಾರಿ ಕನ್ನಡಕ ತೆಗೆದು ಕೇಳಿದ: "ಏನಯ್ಯಾ, ನಿನಗೂ ಆ ಪೈಲಟ್ಟಿಗೂ ಹಳೇ ದ್ವೇಷ ಇದೆಯಂತೆ?"

"ಇದೆ ಸೀದಿ. ಬರ್ಕೊಳ್ಳಿ. ಚಿಕ್ಕಂದಿನಿಂದ ಇದೆ. ಅದನ್ನ ಬರ್ಕೊಂಡ ಮೇಲೆ, ಅವತ್ತು ಗಾಳಿ ಯಾವ ಕಡೆಗಿತ್ತು ಅನ್ನೋದನ್ನೂ ಬರ್ಕೊಳ್ಳಿ."

ಎರಡನ್ನೂ ಬರೆದುಕೊಂಡ. ನಾನು ಸಹಿ ಹಾಕಿದೆ.

ಬೆಲ್ಗಾಸಿಮ್


ತ್ಯೂನಿಸ್
೬ ಮೇ ೧೯೮೮

ಬೆಲ್ಗಾಸಿಮ್,

ನಿನಗೆ ಸಮಾಧಾನವಾಯಿತಾ? ಆರು ತಿಂಗಳು ಲೈಸೆನ್ಸು ಕಿತ್ತುಕೊಂಡಿದ್ದಾರೆ. ಮೇ ಎರಡರ ಸೀಟು ನನ್ನ ತರಗತಿಯ ಇನ್ನೊಬ್ಬನಿಗೆ ಹೋಯಿತು, ನನ್ನನ್ನು ಖರ್ಜೂರ ಅಂತ ಮೊದಲು ಕರೆದವನಿಗೆ. ಹಮ್ಮಾದಿ ಸಾಹೇಬರಿಗೆ ಬರೀ ಎಚ್ಚರಿಕೆಯ ಕಾಗದ. ದೊಡ್ಡವರು ಜಾರಿಕೊಂಡರು, ನೀನು ಕೆಡವಿದ್ದು ನನ್ನನ್ನು. ಇದೇನಾ ನಿನ್ನ ನ್ಯಾಯ?

ನ್ಯಾಯ ಅಲ್ಲ, ಉರಿ. ನೀನೇ ಒಪ್ಪಿಕೊಂಡೆಯಲ್ಲ. ಹಾಗಾದರೆ ನನ್ನದನ್ನೂ ಕೇಳು. ಆವತ್ತು ನೀನು ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ.

ಅಪ್ಪ ನಿನ್ನ ಹಾಳೆಗೂ ಸಹಿ ಹಾಕುವವರೇ ಇದ್ದರು. ಪೆನ್ನಿನ ಮುಚ್ಚಳ ತೆಗೆದಿದ್ದರು. "ಹುಡುಗ ಬುದ್ಧಿವಂತ, ಹೋಗ್ಲಿ ಬಿಡು" ಅಂದರು. ಅವರ ಕೈ ಹಿಡಿದು ತಡೆದವನು ನಾನು. ನಮ್ಮ ಜಿಲ್ಲೆಗೆ ಒಂದೇ ಸೀಟಿತ್ತು. ಎರಡೂ ಹಾಳೆ ಹೋಗಿದ್ದರೆ ನಿನ್ನನ್ನೇ ತೆಗೆದುಕೊಳ್ಳುತ್ತಿದ್ದರು. ಶಾಲೆಯಲ್ಲಿ ನೀನು ಮೊದಲು, ಈಜಿನಲ್ಲಿ ನೀನು ಮೊದಲು. ಸಂಜೆಯಾದರೆ ನಿನಗೆ ಹೋಗಲು ತಾಯಿ ಇರುವ ಮನೆ, ನನಗೆ ದೊಡ್ಡ ಮನೆ, ಒಂದು ದೀಪ. ನಾನು ಅತ್ತರೆ ಹಾಲು ಸಿಗುತ್ತಿತ್ತು, ಅಷ್ಟೇ. ಹಾಲು ಬಿಟ್ಟ ದಿನ ವಾಪಸ್ ಕಳಿಸಿದರು. ನೀನು ಅಲ್ಲೇ ಉಳಿದೆ. ಇಪ್ಪತ್ತಮೂರು ವರ್ಷ ನಿನ್ನನ್ನು ನೋಡಿ ಉರಿದಿದ್ದೇನೆ. ಖಮ್ಮಾಸನ ಮಗನನ್ನು ಕಂಡು ಧಣಿಯ ಮಗ ಉರಿಯುತ್ತಾನೆ ಅಂತ ಯಾರಿಗೆ ಹೇಳಲಿ?

ಆ ಒಂದು ಸೀಟು ನನಗಿರಲಿ ಅಂದುಕೊಂಡೆ. ಈಗ ಅದೂ ಇಲ್ಲ. ಇಬ್ಬರೂ ಸಮ.

ನೇಜಿ


ಉಪ್ಪುಬಯಲಿನ ಬಿಡಾರ
೧೨ ಜೂನ್ ೧೯೮೮

ನೇಜಿ,

ನಿನ್ನ ಕಾಗದವನ್ನು ಉಮ್ಮಿಗೆ ಒಂದಕ್ಷರ ಬಿಡದೆ ಓದಿ ಹೇಳಿದೆ. ಪೆನ್ನಿನ ಮುಚ್ಚಳದ ಹತ್ತಿರ ಬಂದಾಗ ಅವಳ ಮುಖ ನೋಡಬೇಕು ಅಂತ ಬಹಳ ಆಸೆಯಿತ್ತು. ನೋಡಿದೆ. ಅವಳು ಅಳಲಿಲ್ಲ, ನಿನ್ನನ್ನು ಬೈಯಲೂ ಇಲ್ಲ. "ಇಬ್ಬರನ್ನೂ ನಾನೇ ಹಾಳು ಮಾಡಿದ್ನಾ" ಅಂದಳು. ನಾನು ಕಾಯುತ್ತಿದ್ದ ಮಾತು ಅದಲ್ಲ. ನೀನು ಬಂದರೆ ಬಾಗಿಲು ತೆಗೆಯುತ್ತಾಳೆ, ತಿಳಿದುಕೋ. ನಾನು ತೆಗೆಯುವುದಿಲ್ಲ.

ಇಬ್ಬರೂ ಸಮ ಅಂತ ಬರೆದಿದ್ದೀಯ. ಅಲ್ಲ. ನವೆಂಬರಿನಲ್ಲಿ ನಿನ್ನ ಲೈಸೆನ್ಸು ವಾಪಸ್ ಬರುತ್ತದೆ. ಇನ್ನೊಂದು ವರ್ಷಕ್ಕೆ ನೀನು ಟೈ ಕಟ್ಟಿಕೊಂಡು ದೊಡ್ಡ ವಿಮಾನದಲ್ಲಿ ಕೂರುತ್ತೀಯ. ನನ್ನ ಹದಿನೇಳು ಅಂಕ ಯಾವ ತಿಂಗಳು ವಾಪಸ್ ಬರುತ್ತದೆ? ಶಾದ್ಲಿ ಚಿಕ್ಕಪ್ಪ ಯಾವ ತಿಂಗಳು? ನೀನು ಕಳೆದುಕೊಂಡದ್ದು ಒಂದು ಸೀಟು, ನೇಜಿ. ಅವರು ಕಳೆದುಕೊಂಡದ್ದರ ಪಕ್ಕದಲ್ಲಿ ಅದನ್ನು ಇಟ್ಟು ನೋಡಬೇಡ. ನನ್ನದನ್ನೂ ಇಡಬೇಡ.

ಹಮ್ಮಾದಿ ಜಾರಿಕೊಂಡ ಅಂದೆ, ಅದು ನಿಜ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೇಸ್ತ್ರಿತನ ಹೋಯಿತು, ಕಾಯಂ ಕೆಲಸದ ಮಾತೂ ಹೋಯಿತು. ಬಾವುಟ ಹಿಡಿಯಲು ಮಾತ್ರ ಇಟ್ಟುಕೊಂಡಿದ್ದಾರೆ, ಬೇರೆ ಯಾರೂ ಬರುತ್ತಿಲ್ಲ. ಈಗ ಮೊಟ್ಟೆಯೊಡೆದ ಮರಿ ಮಿಡತೆ, ರೆಕ್ಕೆಯಿಲ್ಲದ್ದು, ಕಪ್ಪಗೆ ನೆಲವೇ ಹರಿದ ಹಾಗೆ ಹೋಗುತ್ತದೆ. ಮೊನ್ನೆ ಹಮ್ಮಾದಿ ಜೀಪಿನಲ್ಲಿ ಬಂದು, ಇವತ್ತು ಈ ಕಡೆಯಿಂದಲೇ ಶುರು, ವಿಮಾನ ಸುತ್ತಿ ಬಂದರೆ ಎಣ್ಣೆ ದಂಡ ಅಂದ. ಅದೇ ಉತ್ತರದ ಗಾಳಿ, ಅದೇ ಉತ್ತರದ ಅಂಚು. ಒಬ್ಬ ಮುದುಕ ಸತ್ತು ಎರಡು ತಿಂಗಳಾಗಿಲ್ಲ.

ಉಳಿದಿದ್ದ ನಾವು ಐದು ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಬಾವುಟ ಸುತ್ತಿ ನೆಲಕ್ಕೆ ಹಾಕಿದೆವು, ಅದರ ಪಕ್ಕದಲ್ಲೇ ಕೂತೆವು. ಹಮ್ಮಾದಿ ಮೊದಲು ಬೈದ, ಆಮೇಲೆ ಹೆಸರು ಬರೆದುಕೊಂಡ, ಆಮೇಲೆ ಸಿಗರೇಟು ಕೊಡಲು ಬಂದ. ಯಾರೂ ಏಳಲಿಲ್ಲ. ತಿಜಾನಿಯೂ ಲಾರಿಯ ಬೀಗದ ಕೈ ಜೇಬಿಗೆ ಹಾಕಿಕೊಂಡು ಬಂದು ನಮ್ಮ ಸಾಲಿನಲ್ಲಿ ಕೂತ.

ವಿಮಾನ ಬಂತು. ಒಂದು ಸುತ್ತು ಹಾಕಿತು, ಎರಡು ಸುತ್ತು ಹಾಕಿತು. ಗೆರೆ ಹಿಡಿಯಲು ಬಟ್ಟೆಯೇ ಇಲ್ಲ. ಕೊನೆಗೆ ಗಟ್ಟಿ ನೆಲ ನೋಡಿಕೊಂಡು ದೂಳೆಬ್ಬಿಸುತ್ತ ಇಳಿಯಿತು. ಪೈಲಟ್ ಇಳಿದು ನಮ್ಮ ಕಡೆ ನಡೆದು ಬಂದ. ನಮಗಿಂತ ಚಿಕ್ಕವನು, ಮೂಗಿನ ಚರ್ಮ ಬಿಸಿಲಿಗೆ ಸುಲಿದಿತ್ತು. ಕೆಳಗೆ ಮನುಷ್ಯರಿದ್ದಾರೆ ಅಂತ ಅವನಿಗೆ ಅವತ್ತೇ ಗೊತ್ತಾದ ಹಾಗಿತ್ತು. ಹಮ್ಮಾದಿ ಮಾತು ಶುರುಮಾಡುವ ಮೊದಲೇ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದ: "ಎಲ್ಲಿಂದ ಹೊಡೀಲಿ, ನೀವೇ ಹೇಳಿ."

ಹೇಳಿದೆ. ದಕ್ಷಿಣದ ಅಂಚು ತೋರಿಸಿದೆ, ಅಲ್ಲಿಯವರೆಗೆ ನಡೆಯಲು ನಮಗೆ ಅರ್ಧ ಗಂಟೆ ಬೇಕು ಅಂದೆ. ಕಾಯುತ್ತೇನೆ ಅಂದ. ಹಮ್ಮಾದಿ ಗಡಿಯಾರ ನೋಡಿಕೊಂಡ.

ಅವನು ವಾಪಸ್ ಹೋಗಿ ರೆಕ್ಕೆಯ ಮೇಲೆ ಕಾಲಿಟ್ಟು ಒಳಗೆ ಹತ್ತಿ ಕೂರುವುದನ್ನು ನೋಡುತ್ತ ನಿಂತೆ. ಹೊಟ್ಟೆ ಉರಿಯಿತು, ನೇಜಿ. ನಿನ್ನ ಮೇಲೆ ಉರಿದಷ್ಟೇ ಉರಿಯಿತು. ಆ ಉರಿ ಹೊತ್ತುಕೊಂಡೇ ನಾಲ್ಕು ಜನರ ಜೊತೆ ದಕ್ಷಿಣಕ್ಕೆ ನಡೆದು ಹೋಗಿ, ಗಾಳಿಗೆ ಮುಖ ಕೊಟ್ಟು ಬಾವುಟ ಎತ್ತಿದೆ.

ಬೆಲ್ಗಾಸಿಮ್